ಮಳೆ ರಜೆಯಲ್ಲಿ ಮಕ್ಕಳಿಗೆ ‘ದ ಬ್ಲ್ಯಾಕ್ ಸ್ಟ್ಯಾಲಿಯನ್’ ತೋರಿಸುವುದು ಹೇಗೆ

ಜುಲೈ ಬಂತು ಅಂದ್ರೆ ಕೊಡಗಿನ ಮಕ್ಕಳ ಕಣ್ಣೆಲ್ಲಾ ಜಿಲ್ಲಾಧಿಕಾರಿಗಳ ರಜೆ ಆದೇಶದ ಮೇಲೆ. ರಜೆ ಸಿಕ್ಕಿದ ಮೇಲೆ ಏನು ಮಾಡಬೇಕು ಅಂತ ಯಾರಿಗೂ ಗೊತ್ತಿಲ್ಲ. ಹೊರಗೆ ಹೋದರೆ ಜಿಗಣೆ, ಒಳಗಿದ್ದರೆ ಮೊಬೈಲು. ಅಂಥ ಒಂದು ದಿನಕ್ಕೆ 1979ರ ಈ ಸಿನಿಮಾ ಇಟ್ಟುಕೊಳ್ಳಿ. ಅಲೆಕ್ ಅನ್ನೋ ಹುಡುಗ, ಒಂದು ಕಪ್ಪು ಅರಬ್ಬಿ ಕುದುರೆ. ಹಡಗು ಮುಳುಗಿ ಇಬ್ಬರೂ ಯಾರೂ ಇಲ್ಲದ ದ್ವೀಪದಲ್ಲಿ ಸಿಕ್ಕಿಕೊಳ್ಳುತ್ತಾರೆ. ಆಮೇಲೆ ಊರಿಗೆ ಬಂದು ರೇಸ್ ಓಡುತ್ತಾರೆ. ಕಥೆ ಇಷ್ಟೇ.

ಇದು ಇಂಗ್ಲಿಷ್ ಸಿನಿಮಾ, ನಮ್ಮ ಮಕ್ಕಳಿಗೆ ಅರ್ಥ ಆಗುತ್ತಾ ಅಂತ ಕೇಳಬೇಡಿ. ದ್ವೀಪದ ಭಾಗದಲ್ಲಿ ಸುಮಾರು ಅರ್ಧ ಗಂಟೆ ಮಾತೇ ಇಲ್ಲ. ನಮ್ಮಲ್ಲಿ ಒಂದು ತೋಟದ ಮನೆಯಲ್ಲಿ ಹತ್ತು ಮಕ್ಕಳನ್ನು ಸೇರಿಸಿದರೆ ಒಬ್ಬನದು ಕೊಡವ ತಕ್ಕ್, ಇನ್ನೊಬ್ಬಳದು ಅರೆಭಾಷೆ, ತೋಟದ ಕೆಲಸಗಾರರ ಲೈನ್ ಮನೆಯಿಂದ ಬಂದವರದು ತಮಿಳೋ ಮಲಯಾಳವೋ ಎರವ ಭಾಷೆಯೋ, ಎಲ್ಲರಿಗೂ ಸೇರಿ ಒಂದಿಷ್ಟು ಕನ್ನಡ. ಅಷ್ಟೂ ಜನ ಒಟ್ಟಿಗೆ ಕೂತು ಯಾರೂ ಹಿಂದೆ ಬೀಳದ ಹಾಗೆ ನೋಡಬಹುದಾದ ಸಿನಿಮಾ ಜಾಸ್ತಿ ಇಲ್ಲ. ಹಾಗಾಗಿ ಲೈನ್ ಮನೆ ಮಕ್ಕಳನ್ನೂ ಖಂಡಿತ ಕರೆಯಿರಿ.

ಮೊದಲು ಕರೆಂಟಿನ ವಿಷಯ. ಮಳೆಗಾಲದಲ್ಲಿ ಸಿನಿಮಾವನ್ನು ಇಂಟರ್‌ನೆಟ್ ನಂಬಿಕೊಂಡು ಹಾಕಬೇಡಿ. ಒಂದು ಮರ ತಂತಿ ಮೇಲೆ ಬಿದ್ದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಬಾಡಿಗೆಗೋ ಖರೀದಿಗೋ ಸಿಗುವ ಕಡೆ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಮಾಡಿ. ಸಿನಿಮಾ ಸುಮಾರು 2 ಗಂಟೆ. ಪ್ರೊಜೆಕ್ಟರ್ ಇದ್ದರೆ ಯುಪಿಎಸ್ ಅದನ್ನು ಎಷ್ಟು ಹೊತ್ತು ಎಳೆಯುತ್ತೆ ಅಂತ ಹಿಂದಿನ ದಿನವೇ ನೋಡಿ. ಪರದೆಗೆ ಬಿಳಿ ಪಂಚೆ ಸಾಕು, ಒಣಗಿದ ಪಂಚೆ ಸಿಕ್ಕರೆ!

ಕರೆಂಟಿಗಿಂತ ದೊಡ್ಡ ತಲೆನೋವು ಶಬ್ದ. ಈ ಸಿನಿಮಾದ ಅರ್ಧ ಜೀವ ಇರುವುದು ಅದರಲ್ಲೇ. ಶಬ್ದದ ಕೆಲಸ ಮಾಡಿದ ಅಲನ್ ಸ್ಪ್ಲೆಟ್ ಕುದುರೆಯ ಹೊಟ್ಟೆ ಕೆಳಗೇ ಮೈಕ್ ಕಟ್ಟಿ ಗೊರಸಿನ ಸದ್ದು, ಏದುಸಿರು ಎಲ್ಲಾ ಹಿಡಿದಿದ್ದರು. ಅದಕ್ಕೆ ವಿಶೇಷ ಆಸ್ಕರ್ ಕೂಡ ಬಂತು. ತಗಡು ಶೀಟಿನ ಮೇಲೆ ಮಳೆ ಹೊಡೆಯುವಾಗ ಲ್ಯಾಪ್‌ಟಾಪಿನ ಸಣ್ಣ ಸ್ಪೀಕರಲ್ಲಿ ಇದನ್ನು ಹಾಕಿದರೆ ಏನೂ ಕೇಳುವುದಿಲ್ಲ, ಬರೀ ಚಿತ್ರ ಓಡುತ್ತದೆ. ಶೀಟು ಹಾಕಿದ ವರಾಂಡ ಬಿಡಿ, ಹೆಂಚಿನ ಕೆಳಗೆ ಮರದ ಅಟ್ಟ ಇರುವ ಕೋಣೆಯೋ ತಾರಸಿ ಕೋಣೆಯೋ ನೋಡಿಕೊಳ್ಳಿ. ಸ್ಪೀಕರನ್ನು ಪರದೆ ಹಿಂದೆ ಇಡಬೇಡಿ, ಮಕ್ಕಳ ಹತ್ತಿರ ಇಡಿ. ಬ್ಲೂಟೂತಿಗಿಂತ ವೈರ್ ಒಳ್ಳೆಯದು. ಎಷ್ಟೋ ಸಲ ಬ್ಲೂಟೂತಲ್ಲಿ ಗೊರಸು ನೆಲಕ್ಕೆ ಬಿದ್ದ ಮೇಲೆ ಸದ್ದು ಬರುತ್ತದೆ, ನೋಡೋಕೆ ಹಿಂಸೆ.

ತಿನ್ನೋಕೆ ಪ್ಯಾಕೆಟ್ ಐಟಂ ಬೇಡವೇ ಬೇಡ. ಮಾತಿಲ್ಲದ ಅರ್ಧ ಗಂಟೆಯಲ್ಲಿ ಹತ್ತು ಮಕ್ಕಳು ಪರಪರ ಪ್ಯಾಕೆಟ್ ಆಡಿಸಿದರೆ ಮುಗಿಯಿತು ಕಥೆ. ಹಲಸಿನ ಬೀಜ ಬೇಯಿಸಿ, ಸಿಪ್ಪೆ ತೆಗೆದು ಬಟ್ಟಲಿಗೆ ಹಾಕಿಕೊಡಿ.

ಹಾಕುವ ಮೊದಲು ಒಂದು ವಿಷಯ ದೊಡ್ಡವರಿಗೆ ಗೊತ್ತಿರಲಿ. ಹಡಗು ಮುಳುಗುವ ದೃಶ್ಯ ನಿಜಕ್ಕೂ ಭಯ ಹುಟ್ಟಿಸುತ್ತದೆ, ರಾತ್ರಿ, ಬೆಂಕಿ, ಕಿರುಚಾಟ, ಅಲೆಕ್‌ನ ಅಪ್ಪ ಅದರಲ್ಲೇ ಹೋಗುತ್ತಾನೆ. ಏಳು ವರ್ಷಕ್ಕಿಂತ ಚಿಕ್ಕವರಿಗೆ ನಾನಾದರೆ ತೋರಿಸುವುದಿಲ್ಲ. ಇತ್ತೀಚೆಗೆ ಮನೆಯಲ್ಲಿ ಸಾವು ಕಂಡ ಮಗು ಇದ್ದರೆ ಮೊದಲೇ ಹೇಳಿ ಪಕ್ಕದಲ್ಲಿ ಕೂರಿಸಿಕೊಳ್ಳಿ. ದ್ವೀಪದಲ್ಲಿ ಒಂದು ನಾಗರಹಾವೂ ಬರುತ್ತದೆ. ಅಲ್ಲಿ ಕಿರುಚಾಡುತ್ತಾರೆ, ಕಿರುಚಲಿ ಬಿಡಿ.

ಶುರುವಿನಲ್ಲಿ ಒಂದೇ ಒಂದು ಕಡೆ ನಿಲ್ಲಿಸಿ. ಹಡಗಿನಲ್ಲಿ ಅಪ್ಪ ಮಗನಿಗೆ ಒಂದು ಚಿಕ್ಕ ಕುದುರೆ ಗೊಂಬೆ ಕೊಟ್ಟು ಅಲೆಕ್ಸಾಂಡರನ ಕುದುರೆ ಬುಸಿಫಾಲಸ್ ಕಥೆ ಹೇಳುತ್ತಾನೆ. ಇಲ್ಲಿ ಮಾತು ಮುಖ್ಯ, ಕನ್ನಡದಲ್ಲಿ ಎರಡು ಮಾತು ಹೇಳಿ. ಯಾರೂ ಹತ್ತಲಾಗದ ಕುದುರೆಯನ್ನು ಒಬ್ಬ ಹುಡುಗ ಹತ್ತಿದ, ಆಮೇಲೆ ಅದೇ ಕುದುರೆ ಅವನ ಜೊತೆ ಇಂಡಿಯಾವರೆಗೂ ಬಂತು, ಪೋರಸ್ ಜೊತೆಗಿನ ಯುದ್ಧದ ಹೊತ್ತಿಗೆ ಝೇಲಂ ನದಿ ಕಡೆ ಸತ್ತಿತು ಅಂತ. ಪಾಠದಲ್ಲಿ ಓದಿದ ಪೋರಸ್ ಅಂದ ತಕ್ಷಣ ಕಿವಿ ನಿಮಿರುತ್ತದೆ.

ಅಲ್ಲಿಂದ ಬಾಯಿ ಮುಚ್ಚಿಕೊಂಡು ಕೂರಿ. ದೊಡ್ಡವರಿಗೆ ಕಷ್ಟ ಇದೇ. ‘ನೋಡು ನೋಡು, ಈಗ ಹತ್ರ ಬರ್ತದೆ’ ಅಂತ ಸುಮ್ನೆ ಕಾಮೆಂಟ್ರಿ ಕೊಡುವ ಮಾವ ಪ್ರತಿ ಮನೆಯಲ್ಲೂ ಒಬ್ಬರು ಇರುತ್ತಾರೆ, ಅವರನ್ನು ಕಾಫಿ ಮಾಡೋಕೆ ಕಳಿಸಿ. ಹುಡುಗ ಕಡಲಪಾಚಿ ಹಿಡಿದು ಕಾಯುತ್ತಾನೆ, ಕುದುರೆ ಬರುತ್ತದೆ, ಹಿಂದೆ ಸರಿಯುತ್ತದೆ, ಮತ್ತೆ ಬರುತ್ತದೆ. ಕ್ಯಾಮೆರಾ ಮಾಡಿದ ಕಾಲೆಬ್ ಡೆಶನೆಲ್ ಇದನ್ನೆಲ್ಲಾ ದೂರದಿಂದ ಸುಮ್ಮನೆ ನೋಡುತ್ತಾರೆ, ಅವಸರವೇ ಇಲ್ಲ. ಈ ದ್ವೀಪದ ಭಾಗ ತೆಗೆದದ್ದು ಇಟಲಿಯ ಸಾರ್ಡಿನಿಯಾದಲ್ಲಿ.

ಮಕ್ಕಳಿಗೆ ಒಂದು ಕೆಲಸ ಮಾತ್ರ ಮೊದಲೇ ಕೊಟ್ಟಿರಿ: ಕುದುರೆಯ ಕಿವಿ ನೋಡುತ್ತಿರಬೇಕು. ಕಿವಿ ಮುಂದಕ್ಕೆ ನಿಮಿರಿದ್ದರೆ ಅದರ ಗಮನ ಅಲ್ಲಿದೆ ಅಂತ. ತಲೆಗೆ ಅಂಟಿದ ಹಾಗೆ ಹಿಂದಕ್ಕೆ ಒತ್ತಿದ್ದರೆ ಸಿಟ್ಟು, ದೂರ ಇರಬೇಕು. ಕುದುರೆಗೆ ತನ್ನ ನೇರ ಹಿಂದೆ ಮತ್ತು ಮೂಗಿನ ತುದಿಯ ಮುಂದೆ ಇರುವುದು ಕಾಣಿಸುವುದಿಲ್ಲ, ಆದ್ದರಿಂದ ಹಿಂದಿನಿಂದ ಹೋಗಬಾರದು, ಭುಜದ ಕಡೆಯಿಂದ ಮಾತಾಡಿಸುತ್ತಾ ಹೋಗಬೇಕು. ನಮ್ಮ ಮಕ್ಕಳು ದುಬಾರೆಯಲ್ಲಿ ಆನೆ ನೋಡಿರುತ್ತಾರೆ, ಕುದುರೆ ಹತ್ತಿರ ನಿಂತವರು ಕಡಿಮೆ. ಮುಂದೆ ಯಾವುದಾದರೂ ಪ್ರವಾಸದ ಜಾಗದಲ್ಲಿ ಕುದುರೆ ಹತ್ತಿಸಿ ಅಂತ ಹಟ ಮಾಡಿದಾಗ ಇದು ಕೆಲಸಕ್ಕೆ ಬರುತ್ತದೆ.

ಇಂಟರ್‌ವಲ್ ಬೇಕಿದ್ದರೆ ಮೀನುಗಾರರು ಅಲೆಕ್‌ನನ್ನು ಕರೆದುಕೊಂಡು ಹೋದ ಮೇಲೆ ಬಿಡಿ. ಕರೆಂಟು ಹೋಗಿ ಉಳಿದದ್ದು ನಾಳೆಗೆ ಅಂತಾದರೂ ಅಲ್ಲೇ ಸರಿಯಾದ ಜಾಗ. ಎರಡನೇ ಅರ್ಧ ಅಮೆರಿಕದ್ದು, ಮಾತು ಇದೆ, ಸಬ್‌ಟೈಟಲ್ ಹಾಕಿ. ಮುದುಕ ಟ್ರೈನರ್ ಪಾತ್ರದ ಮಿಕ್ಕಿ ರೂನಿ ಇದಕ್ಕೆ ಆಸ್ಕರ್ ನಾಮಿನೇಷನ್ ಪಡೆದಿದ್ದರು. ರಾತ್ರಿ ಮಳೆಯಲ್ಲಿ ಕದ್ದು ಓಡಿಸಿ ನೋಡುವ ದೃಶ್ಯ ಬರುತ್ತದೆ. ಕಪ್ಪು ರಾತ್ರಿ, ಕಪ್ಪು ಕುದುರೆ, ಅಲ್ಲಿ ಬ್ರೈಟ್‌ನೆಸ್ ಸ್ವಲ್ಪ ಏರಿಸಿ, ಬಾಗಿಲು ಪೂರ್ತಿ ಹಾಕಿಕೊಳ್ಳಿ.

ಮುಗಿದ ತಕ್ಷಣ ‘ಇನ್ನೊಂದು ಭಾಗ ಇದೆಯಾ’ ಅಂತ ಕೇಳುತ್ತಾರೆ. ಇದೆ, 1983ರಲ್ಲಿ ಬಂತು. ಆದರೆ ಅದು ಬೇರೆ ನಿರ್ದೇಶಕರದ್ದು, ಮಾತು ಜಾಸ್ತಿ, ಈ ಮಟ್ಟದ್ದಲ್ಲ. ಅದರ ಬದಲು ವಾಲ್ಟರ್ ಫಾರ್ಲಿ 1941ರಲ್ಲಿ ಬರೆದ ಮೂಲ ಕಾದಂಬರಿ ತಂದುಕೊಡಿ. ಹೈಸ್ಕೂಲ್ ಮಕ್ಕಳು ಓದಿಕೊಳ್ಳುತ್ತಾರೆ, ಚಿಕ್ಕವರಿಗೆ ಸಂಜೆ ನೀವೇ ಓದಿ ಕನ್ನಡದಲ್ಲಿ ಕಥೆ ಹೇಳಬೇಕಾಗುತ್ತದೆ.