ಒಂದೇ ಅಚ್ಚು, ಬಗೆಬಗೆ ಬಣ್ಣ: ಕುದುರೆಗಳ ಸಾಲು ಕೂಡಿಸುವುದು ಹೇಗೆ?

ಡೊಂಬಿವಲಿಯಲ್ಲಿ ನಮ್ಮ ಪಕ್ಕದ ವಿಂಗಿನ ಹನ್ನೆರಡು ವರ್ಷದ ಹುಡುಗಿ ಹೋದ ತಿಂಗಳು ನನ್ನ ಕೈಹಿಡಿದು ಅವರ ಮನೆಗೆ ಕರೆದೊಯ್ದಳು. ಕಪಾಟಿನ ಮೇಲೆ ಒಂಬತ್ತು ಪುಟ್ಟ ಪ್ಲಾಸ್ಟಿಕ್ ಕುದುರೆಗಳು. "ಆಂಟಿ, ಎಲ್ಲಾ ಒಂದೇ ಅಚ್ಚಿನವು, ಬಣ್ಣ ಮಾತ್ರ ಬೇರೆ" ಎಂದಳು. ಎರಡು ವರ್ಷ ಹುಟ್ಟುಹಬ್ಬದ ದುಡ್ಡು ಕೂಡಿಟ್ಟು, ಅಮೆರಿಕದಲ್ಲಿರುವ ಚಿಕ್ಕಪ್ಪನ ಕೈಲಿ ತರಿಸಿಕೊಂಡದ್ದು. ಒಂದೊಂದನ್ನೇ ಮಗುಚಿ, ಪಕ್ಕಪಕ್ಕ ಇಟ್ಟು ಹೋಲಿಸಿ ನೋಡಿದೆವು. ಒಂದೇ ಅಚ್ಚಿನವು ನಾಲ್ಕೇ ಇದ್ದವು. ಅವಳ ಮುಖ ಬಾಡಿಹೋಯಿತು. ಇದೇ ತಪ್ಪನ್ನು ದೊಡ್ಡವರು, ಸಾವಿರಾರು ರೂಪಾಯಿ ಸುರಿದು, ಮಾಡುವುದನ್ನೂ ಕಂಡಿದ್ದೇನೆ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ಸಂಕ್ರಾಂತಿಗೆ ಸಕ್ಕರೆ ಅಚ್ಚು ಹುಯ್ದವರಿಗೆ ಅಚ್ಚೆಂದರೆ ಏನೆಂದು ಹೇಳಬೇಕಿಲ್ಲ. ಮರದ ಅಚ್ಚಿನಲ್ಲಿ ಗಿಳಿಯ ಕೊಕ್ಕು ಚೂರು ಮುಕ್ಕಾಗಿದ್ದರೆ, ಆ ವರ್ಷ ಹುಯ್ದ ಅಷ್ಟೂ ಗಿಳಿಗಳ ಕೊಕ್ಕು ಮುಕ್ಕು. ಪ್ಲಾಸ್ಟಿಕ್ ಕುದುರೆಯದೂ ಇದೇ ಕಥೆ. ಲೋಹದ ಅಚ್ಚು ಮಾಡಿಸಲು ಬಹಳ ಖರ್ಚು. ಆದ್ದರಿಂದ ಕಂಪನಿ ಅದನ್ನೇ ವರ್ಷಗಟ್ಟಲೆ ಬಳಸಿ, ಬಣ್ಣ ಬದಲಿಸಿ ಹೊಸ ಹೆಸರಿನಲ್ಲಿ ಮಾರುತ್ತದೆ. ಒಂದೇ ಅಚ್ಚಿನ ಕುದುರೆಗಳನ್ನು ಸಾಲಾಗಿ ಕೂಡಿಸುವುದಕ್ಕೆ ಈ ಹವ್ಯಾಸದವರು 'ಕಾಂಗಾ' ಎನ್ನುತ್ತಾರೆ. ಒಬ್ಬರ ಹಿಂದೊಬ್ಬರು ಸಾಲುಗಟ್ಟಿ ಕುಣಿಯುವ ಕ್ಯೂಬಾದ ಕುಣಿತದ ಹೆಸರು ಅದು. ಹೆಚ್ಚಿನವರು ಕೂಡಿಸುವುದು ಅಮೆರಿಕದ ಬ್ರೇಯರ್ ಕುದುರೆಗಳನ್ನು. 1950ರಲ್ಲಿ ಗಡಿಯಾರವೊಂದರ ಜೊತೆ ನಿಲ್ಲಿಸಲೆಂದು ಶಿಕಾಗೋದ ಬ್ರೇಯರ್ ಮೋಲ್ಡಿಂಗ್ ಕಂಪನಿ ಒಂದು ಕುದುರೆ ಮಾಡಿಕೊಟ್ಟಿತು. ಗಡಿಯಾರಕ್ಕಿಂತ ಕುದುರೆಯೇ ಜನಕ್ಕೆ ಹಿಡಿಸಿತು.

ಮೊದಲು ಅಳತೆ. ದೊಡ್ಡವು 1:9 ಅಳತೆಯವು, ಅಂದರೆ ನಿಜವಾದ ಕುದುರೆಯ ಒಂಬತ್ತರಲ್ಲೊಂದು, ಸುಮಾರು 9 ಇಂಚು ಎತ್ತರ. ಮುಂಬೈಯ ಒಂದು ಬೆಡ್‌ರೂಮಿನ ಮನೆಯಲ್ಲಿ ಅಂಥ ಹತ್ತು ಕುದುರೆ ನಿಂತರೆ ಮನುಷ್ಯರಿಗೆ ಜಾಗವಿರುವುದಿಲ್ಲ. 1975ರಲ್ಲಿ ಬಂದ ಸ್ಟೇಬಲ್‌ಮೇಟ್ಸ್ 1:32 ಅಳತೆಯವು, 3 ಇಂಚಿನ ಆಸುಪಾಸು. ಇವನ್ನೇ ಕೊಳ್ಳಿ.

ಆಮೇಲೆ ಒಂದು ಅಚ್ಚು ಆರಿಸಿ. ನಿಮಗೆ ಇಷ್ಟವಾದ ನಿಲುವು ಯಾವುದೋ ಅದು. ಕನಿಷ್ಠ ಆರು ಬಣ್ಣಗಳಲ್ಲಿ ಬಂದಿರಲಿ, ಇಲ್ಲದಿದ್ದರೆ ಸಾಲು ಬೆಳೆಯುವುದಿಲ್ಲ.

ಈಗ ಅಚ್ಚು ಒಂದೇ ಎಂದು ಖಾತ್ರಿ ಮಾಡಿಕೊಳ್ಳುವುದು. ಎಲ್ಲರೂ ಎಡವುವುದು ಇಲ್ಲಿಯೇ.

ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಕಪ್ಪು ಕುದುರೆ ತೆಳ್ಳಗೆ ಕಾಣುತ್ತದೆ, ಬಿಳಿಯದು ದಪ್ಪಗೆ. ಚುಕ್ಕಿ ಇದ್ದರಂತೂ ಸ್ನಾಯುಗಳ ಉಬ್ಬುತಗ್ಗು ತಿಳಿಯುವುದೇ ಇಲ್ಲ. ನಮ್ಮ ಮುಂಬೈಯ ಕಾಲಾ ಘೋಡಾ, ಅಂದರೆ ಕಪ್ಪು ಕುದುರೆಯ ಪ್ರತಿಮೆಯನ್ನೇ ನೋಡಿ. 1879ರ ಮೂಲ ಪ್ರತಿಮೆ, ಬೆನ್ನ ಮೇಲೆ ಬ್ರಿಟನ್ನಿನ ರಾಜಕುಮಾರ ಕೂತದ್ದು, 1965ರಲ್ಲಿ ಜಾಗ ಬಿಟ್ಟು ಈಗ ಭಾಯಖಳಾದ (ಬೈಕುಲ್ಲಾ) ರಾಣಿಬಾಗ್ ಉದ್ಯಾನದಲ್ಲಿದೆ. ಫೋರ್ಟಿನಲ್ಲಿ 2017ರಿಂದ ನಿಂತಿರುವುದು ಸವಾರನಿಲ್ಲದ ಬೇರೆ ಕುದುರೆ. ಎರಡನ್ನೂ ಜನ ಕಾಲಾ ಘೋಡಾ ಅಂತಲೇ ಕರೆಯುತ್ತಾರೆ. ಒಂದು ಭಾನುವಾರ ಎರಡನ್ನೂ ನೋಡಿ ಬನ್ನಿ. ಕಾಲಿಟ್ಟ ರೀತಿ, ಕತ್ತಿನ ಬಾಗು, ಬಾಲ ಬಿಟ್ಟ ಬಗೆ ಹೋಲಿಸಿ. ಅಚ್ಚು ನೋಡುವ ಕಣ್ಣು ಬರುವುದು ಹೀಗೆ.

ಮನೆಯಲ್ಲಿ ನಾನು ಮಾಡುವುದು ಇಷ್ಟು. ಬಿಳಿ ಕಾಗದದ ಮೇಲೆ ಮೊದಲ ಕುದುರೆ ನಿಲ್ಲಿಸಿ, ನಾಲ್ಕೂ ಗೊರಸಿನ ಸುತ್ತ ಚೂಪು ಪೆನ್ಸಿಲಿನಿಂದ ಗೆರೆ ಎಳೆಯುತ್ತೇನೆ. ಪೆನ್ಸಿಲ್ ವಾಲಬಾರದು, ನೆಟ್ಟಗಿರಬೇಕು. ಕುದುರೆ ತೆಗೆದು ಎರಡನೆಯದನ್ನು ಅದೇ ಗೆರೆಗಳೊಳಗೆ ನಿಲ್ಲಿಸುತ್ತೇನೆ. ಒಂದೇ ಅಚ್ಚಾದರೆ ನಾಲ್ಕೂ ಗೊರಸು ತಮ್ಮ ತಮ್ಮ ಮನೆಯಲ್ಲಿ ಕೂರುತ್ತವೆ. ಮೂರು ಕೂತು ಒಂದು ಹೊರಗುಳಿದರೆ ಅವಸರ ಬೇಡ. ಸೆಕೆಗೆ ಕಾಲು ಬಾಗಿರಬಹುದು. ಬಾಗಿದ ಕಾಲನ್ನು ಬಿಸಿನೀರಿನಲ್ಲಿ (ಕುದಿಯುವ ನೀರಲ್ಲ) ಒಂದು ನಿಮಿಷ ಅದ್ದಿ, ಮೆಲ್ಲಗೆ ಸರಿಮಾಡಿ, ಹಾಗೇ ಹಿಡಿದು ತಣ್ಣೀರಿಗಿಟ್ಟರೆ ನೆಟ್ಟಗಾಗುತ್ತದೆ. ಹೇರ್ ಡ್ರೈಯರ್ ಮುಟ್ಟಲೇಬೇಡಿ.

ಆಮೇಲೆ ಮೊಬೈಲಿನಲ್ಲಿ ಎರಡನ್ನೂ ಒಂದೇ ದೂರದಿಂದ, ಒಂದೇ ಮಗ್ಗುಲಿನಿಂದ ಕಪ್ಪುಬಿಳುಪು ಫೋಟೋ ತೆಗೆಯಿರಿ. ಬಣ್ಣ ಹೋದಮೇಲೆ ಜೂಲಿನ ಎಳೆಗಳನ್ನು ಎಣಿಸಿ. ಹಣೆಯ ಮೇಲೆ ಬಿದ್ದ ಕೂದಲು ಎಡಕ್ಕೋ ಬಲಕ್ಕೋ? ಕಿವಿ ಮುಂದಕ್ಕೆ ನಿಗುರಿದೆಯೋ ಹಿಂದಕ್ಕೆ ಮಲಗಿದೆಯೋ? ಕೆಲವು ಹೊಸ ಅಚ್ಚುಗಳಲ್ಲಿ ಒಂದೇ ಮೈಗೆ ಬೇರೆ ಜೂಲು, ಬೇರೆ ಬಾಲ ಜೋಡಿಸುವುದುಂಟು. ಅಂಥದ್ದನ್ನು ನಾನು ಸಾಲಿಗೆ ಸೇರಿಸುವುದಿಲ್ಲ, ನೀವೂ ಸೇರಿಸಬೇಡಿ.

ಕೊನೆಗೆ ಹೊಟ್ಟೆ ಅಥವಾ ಹಿಂಗಾಲಿನ ಒಳಮಗ್ಗುಲಿನ ಕಂಪನಿ ಮುದ್ರೆ. ಕೆಲವದರಲ್ಲಿ ಇಸವಿಯೂ ಇರುತ್ತದೆ. ಅದು ಅಚ್ಚು ಹುಟ್ಟಿದ ಇಸವಿ, ನಿಮ್ಮ ಕೈಯಲ್ಲಿರುವ ಕುದುರೆ ತಯಾರಾದ ಇಸವಿ ಅಲ್ಲ. ಪಕ್ಕದ ಮನೆಯ ಹುಡುಗಿ ಮೋಸ ಹೋದದ್ದು ಇಲ್ಲೇ. ಇಸವಿ ಒಂದೇ ಇದ್ದದ್ದಕ್ಕೆ ಅಚ್ಚೂ ಒಂದೇ ಅಂದುಕೊಂಡಿದ್ದಳು. ಒಂದೇ ವರ್ಷ ಹಲವು ಅಚ್ಚು ಬಂದಿರುತ್ತವೆ.

ಬಣ್ಣಗಳು. ನಾವು ಎಲ್ಲವನ್ನೂ 'ಕಂದು' ಎಂದುಬಿಡುತ್ತೇವೆ. ಮೈ ಕಂದು, ಜೂಲು ಬಾಲ ಕಾಲು ಕಪ್ಪು ಇದ್ದರೆ ಅದು ಬೇ. ಮೈಯೂ ಜೂಲೂ ಕೆಂಗಂದು ಇದ್ದರೆ ಚೆಸ್ಟ್‌ನಟ್. ಹೊನ್ನಿನ ಮೈಗೆ ಬಿಳಿ ಜೂಲು ಪ್ಯಾಲೊಮಿನೊ. ಬೂದು ಮೈಮೇಲೆ ತಿಳಿಬಣ್ಣದ ದುಂಡು ಮಚ್ಚೆ ಇದ್ದರೆ ಡ್ಯಾಪಲ್ ಗ್ರೇ. ಈ ನಾಲ್ಕು ಮೊದಲು ಸೇರಲಿ. 1960ರ ದಶಕದಲ್ಲಿ ಬ್ರೇಯರ್ ನೀಲಿ, ಚಿನ್ನದ ಬಣ್ಣದ ಕುದುರೆಗಳನ್ನೂ ತಂದಿತ್ತು. ಆಗ ಅವು ಹೆಚ್ಚು ಮಾರಾಟವಾಗಲಿಲ್ಲ, ಇಂದು ಬಲು ದುಬಾರಿ. ಅವುಗಳ ಬೆನ್ನು ಹತ್ತಬೇಡಿ. ಯಾರೋ ಮೇಲೆ ಬಣ್ಣ ಬಳಿದು ಮಾರುವವು ಎಷ್ಟೇ ಚೆನ್ನಾಗಿರಲಿ, ಬೇರೆ ಕಪಾಟಿಗೆ.

ಕೊಳ್ಳುವಾಗ ಹೊಟ್ಟೆಯ ಫೋಟೋ ಕೇಳಿ. ಕೊಡದಿದ್ದರೆ ಬಿಟ್ಟುಬಿಡಿ. ಹಳೆ ಸಾಮಾನು ಮಾರುವ ಚೋರ್ ಬಜಾರಿನ ಶುಕ್ರವಾರ ಮುಂಜಾನೆಯ ಸಂತೆಗೆ ಹೋಗುವುದಾದರೆ ಜೇಬಿನಲ್ಲಿ ಗೊರಸಿನ ಗೆರೆ ಎಳೆದ ಆ ಕಾಗದ ಇರಲಿ.

ತೊಳೆಯುವುದು. ಉಗುರುಬೆಚ್ಚಗಿನ ನೀರು, ಒಂದು ಹನಿ ಸೋಪು, ಮಕ್ಕಳ ಮೆತ್ತನೆಯ ಬ್ರಶ್. ನೇಲ್ ಪಾಲಿಶ್ ತೆಗೆಯುವ ದ್ರಾವಣ, ಥಿನ್ನರ್ ಬೇಡ. ಬ್ರೇಯರ್‌ನ ದೊಡ್ಡ ಕುದುರೆಗಳ ಪ್ಲಾಸ್ಟಿಕ್ ಸೆಲ್ಯುಲೋಸ್ ಅಸಿಟೇಟ್, ಅಸಿಟೋನ್ ತಾಗಿದರೆ ಕರಗುತ್ತದೆ. ಗೋಡೆಯ ಕಲೆ ಉಜ್ಜುವ ಬಿಳಿ ಸ್ಪಂಜಂತೂ ಕಲೆಯ ಜೊತೆ ಬಣ್ಣವನ್ನೂ ಕೆರೆದು ಹಾಕುತ್ತದೆ.

ಮಳೆಗಾಲ. ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮ ಕಪಾಟುಗಳೆಲ್ಲ ಬೆವರುತ್ತವೆ. ಒಂದು ವರ್ಷ ನನ್ನ ಪ್ಯಾಲೊಮಿನೊವನ್ನು ಬಬಲ್ ರ್‍ಯಾಪಿನಲ್ಲಿ ಬಿಗಿಯಾಗಿ ಸುತ್ತಿಟ್ಟಿದ್ದೆ. ಬಿಚ್ಚಿದಾಗ ಬೆನ್ನಿನಿಂದ ತೊಡೆಯವರೆಗೆ ಸಾಲುಸಾಲು ದುಂಡು ಗುರುತು, ಸಿಡುಬು ಎದ್ದ ಹಾಗೆ. ಇವತ್ತಿಗೂ ಹೋಗಿಲ್ಲ. ದಸರಾ ಬೊಂಬೆಗಳನ್ನು ಅಜ್ಜಿ ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿಡುತ್ತಿದ್ದರಲ್ಲ, ಅದೇ ಸರಿ. ಒಗೆದು ಗಂಜಿ ಹೋದ ಬಟ್ಟೆಯೇ ಆಗಬೇಕು. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಡಾಂಬರು ಗುಳಿಗೆ ಬೇಡ, ಅದರ ಆವಿಗೆ ಕೆಲವು ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ರಬ್ಬರ್ ಬ್ಯಾಂಡೂ ಬೇಡ.

ನವರಾತ್ರಿಗೆ ಬೊಂಬೆ ಇಳಿಸುವ ದಿನವೇ ಕುದುರೆಗಳನ್ನೂ ಹೊರತೆಗೆಯಿರಿ. ತಿಳಿಬಣ್ಣದಿಂದ ಗಾಢಬಣ್ಣಕ್ಕೆ, ಎಲ್ಲ ಮುಖ ಒಂದೇ ಕಡೆಗೆ, ಬಿಸಿಲು ಬೀಳದ ಜಾಗದಲ್ಲಿ. ರೈಲು ಹಳಿಯ ಪಕ್ಕದ ಮನೆಯಾದರೆ ಗೊರಸಿನಡಿ ಸಾಸಿವೆಯಷ್ಟು ಮೇಣ ಅಂಟಿಸಿ. ಫಾಸ್ಟ್ ಲೋಕಲ್ ಹೋದಾಗ ಒಂದು ಉರುಳಿದರೆ ಸಾಲಿಗೆ ಸಾಲೇ ಉರುಳುತ್ತದೆ, ಮೊದಲು ಮುರಿಯುವುದು ಕಿವಿ.

ಪಕ್ಕದ ಮನೆಯ ಹುಡುಗಿ ಈಗ ಆ ನಾಲ್ಕನ್ನು ಮೇಲಿನ ಹಲಗೆಗೆ ಏರಿಸಿದ್ದಾಳೆ. ಐದನೆಯದಾಗಿ ಬೇ ಬೇಕಂತೆ. ಗೊರಸಿನ ಗೆರೆಗಳ ಫೋಟೋವನ್ನು ಚಿಕ್ಕಪ್ಪನಿಗೆ ಕಳಿಸಿದ್ದಾಳೆ.