ವೇದಿಕೆಯಿಂದ ಪಾಠದೊಳಗೆ: ತಾಂಡಾದ ಮಕ್ಕಳೊಂದಿಗೆ ನನ್ನ ನಲಿ-ಕಲಿ

ಜನವರಿ 26 ಹತ್ತಿರ ಬಂತೆಂದರೆ ನಮ್ಮ ಭಾಗದ ಶಾಲೆಗಳಲ್ಲಿ ಲಂಬಾಣಿ ಕುಣಿತ ಇರಲೇಬೇಕು. ಕನ್ನಡಿ ಚೂರು ಹೊಲಿದ ಲಂಗ, ರವಿಕೆ ಎಲ್ಲಿಂದಲೋ ಬರುತ್ತವೆ, ಗಣ್ಯರು ಚಪ್ಪಾಳೆ ತಟ್ಟುತ್ತಾರೆ, ಫೋಟೋ ತೆಗೆಯುತ್ತಾರೆ. ಮರುದಿನ ಅದೇ ಹುಡುಗಿ ತರಗತಿಯಲ್ಲಿ ತನ್ನ ಮಾತಿನಲ್ಲಿ ನೀರು ಕೇಳಿದರೆ ‘ಕನ್ನಡದಲ್ಲಿ ಹೇಳು’ ಎಂದು ಗದರುತ್ತೇವೆ. ವಿಜಯಪುರ ಜಿಲ್ಲೆಯ ಒಂದು ತಾಂಡಾಕ್ಕೆ, ಅಂದರೆ ಲಂಬಾಣಿಗರ ವಸತಿಗೆ, ಹೊಂದಿಕೊಂಡ ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ (ಮಕ್ಕಳು ಚಟುವಟಿಕೆ, ಕಾರ್ಡುಗಳ ಮೂಲಕ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ) ತರಗತಿ ನನ್ನ ಪಾಲಿಗೆ ಬಂದಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಇಷ್ಟೇ: ಕುಣಿತ ಇದ್ದರೆ ಇರಲಿ, ಮಕ್ಕಳ ಮನೆಯ ಬದುಕು ಪಾಠಕ್ಕೆ ಬರಲಿ.

ಹಾಜರಿ ಪುಸ್ತಕದಿಂದಲೇ ಶುರು ಮಾಡಿದೆ. ತಾಂಡಾದ ಮಕ್ಕಳೆಂದರೆ ರಾಠೋಡ, ಚವ್ಹಾಣ, ಪವಾರ, ಜಾಧವ. ‘ಏ ರಾಠೋಡ’ ಎಂದು ಕೂಗಿದರೆ ನಾಲ್ಕು ತಲೆ ಒಟ್ಟಿಗೆ ತಿರುಗುತ್ತಿದ್ದವು. ಊರಿನ ಮಕ್ಕಳಿಗೆ ಹೆಸರಿತ್ತು, ತಾಂಡಾದವರಿಗೆ ಅಡ್ಡಹೆಸರೇ ಹೆಸರಾಗಿತ್ತು, ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮನೆಯಲ್ಲಿ ತಾಯಂದಿರು ಏನೆಂದು ಕರೆಯುತ್ತಾರೆ ಎಂದು ಕೇಳಿಕೊಂಡು ಬಂದು ಹಾಗೆಯೇ ಕರೆಯತೊಡಗಿದೆ. ಕೂರುವ ವ್ಯವಸ್ಥೆಗೆ ನಾನು ಹೆಚ್ಚು ಹೆಣಗಲಿಲ್ಲ. ನಲಿ-ಕಲಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಕಲಿಕೆಯ ಹಂತಕ್ಕೆ ತಕ್ಕಂತೆ ‘ತಟ್ಟೆ’ ಎಂದು ಕರೆಯುವ ಐದು ಗುಂಪುಗಳಲ್ಲಿ ಕೂರುತ್ತಾರೆ. ಅಲ್ಲಿ ಊರು, ತಾಂಡಾ ಎಂಬ ಸಾಲು ತಾನಾಗಿ ಮುರಿಯುತ್ತದೆ. ಬಿಸಿಯೂಟಕ್ಕೂ ಅದೇ ಗುಂಪಿನಲ್ಲಿ ಕುಳ್ಳಿರಿಸಿದೆ. ಕೆಲವು ಪಾಲಕರು ಗೊಣಗಿದರು. ಗೊಣಗಲಿ.

ಕಷ್ಟವಿದ್ದದ್ದು ಮಾತಿನಲ್ಲಿ. ಲಂಬಾಣಿ ಮನೆಮಾತಿನ ಮಗು ಹೊಸದಾಗಿ ಕನ್ನಡ ಆಡುವಾಗ ‘ಎಮ್ಮೆ ಬಂದಳು’, ‘ಎತ್ತು ಹೋದನು’ ಎನ್ನುತ್ತದೆ. ಅದರ ಮಾತಿನಲ್ಲಿ ಹೆಣ್ಣು, ಗಂಡು ಎರಡೇ ಲಿಂಗ. ನಪುಂಸಕ ಲಿಂಗ ಎಂಬುದು ಶಾಲೆಗೆ ಬಂದ ಮೇಲೆ ಎದುರಾಗುವ ಹೊಸ ಸಂಗತಿ. ಹಿಂದಿನ ಸಾಲಿನಿಂದ ಕಿಸಕ್ಕನೆ ನಗು ಬಂದರೆ ಸಾಕು, ಆ ಮಗು ವಾರಗಟ್ಟಲೆ ಬಾಯಿ ಬಿಡುವುದಿಲ್ಲ. ಒಮ್ಮೆ ಹೀಗೆ ನಗು ಎದ್ದಾಗ ಪಾಠ ನಿಲ್ಲಿಸಿ, ಊರಿನ ಮಕ್ಕಳಿಗೆ ಲಂಬಾಣಿಯಲ್ಲಿ ಹತ್ತರವರೆಗೆ ಎಣಿಸುವುದನ್ನು ಕಲಿಸು ಎಂದು ತಾಂಡಾದ ಹುಡುಗಿಯೊಬ್ಬಳನ್ನು ಎಬ್ಬಿಸಿದೆ. ‘ಏಕ, ದಿ, ತೀನ, ಚಾರ...’ ಆರಕ್ಕೆ ಬರುವಷ್ಟರಲ್ಲಿ ಊರಿನವರ ನಾಲಿಗೆ ತೊಡರಿತು. ಅವಳು ಮಾತ್ರ ನಗಲಿಲ್ಲ, ಸೊಂಟದ ಮೇಲೆ ಕೈಯಿಟ್ಟು ‘ಇನ್ನೊಮ್ಮೆ ಹೇಳಿ’ ಎಂದಳು. ನನ್ನದೇ ನಕಲು!

ಓದು ಕಲಿಸುವಾಗ ಇದರ ಲಾಭ ಸಿಕ್ಕಿತು. ನಲಿ-ಕಲಿಯ ಮೊದಲ ಅಕ್ಷರಗಳು ರ, ಗ, ಸ, ದ, ಅ. ಇವುಗಳಿಂದ ಹುಟ್ಟುವ ಪದಗಳು ಅರಸ, ಅಗಸ, ಗರಗಸ. ಅರಸನನ್ನು ಈ ಮಕ್ಕಳು ಎಲ್ಲಿ ಕಾಣಬೇಕು? ಅದೇ ಅಕ್ಷರಗಳಲ್ಲಿ ‘ದಸ’ ಎಂದೊಂದು ಕಾರ್ಡ್ ಬರೆದು ಬುಟ್ಟಿಗೆ ಹಾಕಿದೆ. ಒಂದನೇ ತರಗತಿಯ ಹುಡುಗ ದ, ಸ ಎಂದು ಬಿಡಿಬಿಡಿಯಾಗಿ ಓದಿ, ಕೂಡಿಸಿ, ಎರಡೂ ಕೈಯ ಬೆರಳು ಬಿಡಿಸಿ ತೋರಿಸಿದ. ಓದಿದ್ದು ಅರ್ಥವಾಗಿದೆ ಎಂಬುದಕ್ಕೆ ಬೇರೆ ಪರೀಕ್ಷೆ ಬೇಕಿರಲಿಲ್ಲ. ಲಂಬಾಣಿಗೆ ತನ್ನದೇ ಲಿಪಿ ಇಲ್ಲದಿರುವುದರಿಂದ ಕನ್ನಡದ ಅಕ್ಷರಗಳಲ್ಲಿ ಬರೆದರೆ ಮಗು ಎರಡನ್ನೂ ಒಟ್ಟಿಗೆ ಹಿಡಿಯುತ್ತದೆ. ಯಾಡಿ (ತಾಯಿ), ಬಾಟಿ (ರೊಟ್ಟಿ), ಪಾಣಿ (ನೀರು) ಮುಂದಿನ ಅಕ್ಷರಗಳೊಂದಿಗೆ ಬಂದವು.

ಇದಕ್ಕೆ ಮೊದಲು ಆಕ್ಷೇಪ ಎತ್ತಿದವರು ತಾಂಡಾದ ತಂದೆಗಳೇ. ‘ನಮ್ಮ ಮಾತು ಮನೆಯಲ್ಲೇ ಇದೆಯಲ್ಲ ಮೇಡಂ, ನೀವು ಕನ್ನಡ, ಇಂಗ್ಲಿಷ್ ಕಲಿಸಿ’ ಎಂದರು. ನ್ಯಾಯವಾದ ಮಾತು. ನಾನು ವಾದ ಮಾಡಲಿಲ್ಲ, ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಸಲು ಅನುಕೂಲ ಮಾಡಿಕೊಡಬೇಕೆನ್ನುವ ಸಂವಿಧಾನದ 350ಎ ವಿಧಿಯನ್ನೂ ಓದಿ ಹೇಳಲಿಲ್ಲ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ದಿನ ಮಕ್ಕಳಿಂದ ಕನ್ನಡ ಕಾರ್ಡುಗಳನ್ನು ಓದಿಸಿದೆ. ಮಾತು ಅಲ್ಲಿಗೆ ಮುಗಿಯಿತು.

ಶ್ರಾವಣದಲ್ಲಿ ತಾಂಡಾದಲ್ಲಿ ತೀಜ್. ಮದುವೆಯಾಗದ ಹುಡುಗಿಯರು ಬಿದಿರಿನ ಬುಟ್ಟಿಗೆ ಮಣ್ಣು, ಗೊಬ್ಬರ ತುಂಬಿ ಗೋಧಿ ಬಿತ್ತುತ್ತಾರೆ, ದಿನವೂ ಹಾಡುತ್ತಾ ನೀರೆರೆಯುತ್ತಾರೆ. ಬೀಜ ಮೊಳೆಯುವ ಪಾಠವನ್ನು ನಾನು ಆ ತಿಂಗಳಿಗೆ ಸರಿಸಿಕೊಂಡೆ. ಹಬ್ಬದ ಬುಟ್ಟಿಯನ್ನು ಶಾಲೆಗೆ ತರಿಸಲಿಲ್ಲ, ಅದು ಪೂಜೆಯದು. ತಾಂಡಾದ ಹಿರಿಯ ಹೆಂಗಸೊಬ್ಬರನ್ನು ‘ಯಾಡಿ, ಬೇರೆ ಬುಟ್ಟಿಯಲ್ಲಿ ಪಾಠಕ್ಕೆಂದು ಬೆಳೆಸಬಹುದೇ?’ ಎಂದು ಕೇಳಿದೆ. ಅವರು ಒಪ್ಪಿದ್ದಷ್ಟೇ ಅಲ್ಲ, ಗೋಧಿಯನ್ನು ಎಷ್ಟು ಹೊತ್ತು ನೆನೆಸಬೇಕು, ಎಷ್ಟು ಒತ್ತಾಗಿ ಹಾಕಬೇಕು ಎಂದು ಶಾಲೆಗೇ ಬಂದು ತೋರಿಸಿದರು. ಒಂದು ಬುಟ್ಟಿಯನ್ನು ಕಪಾಟಿನ ಕತ್ತಲಲ್ಲಿ, ಇನ್ನೊಂದನ್ನು ಕಿಟಕಿಯ ಬಳಿ ಇಟ್ಟೆವು. ಕತ್ತಲಿನ ಸಸಿ ಉದ್ದವಾಗಿ, ಬಾಗಿ, ಹಳದಿಯಾಗಿ ಬಂತು. ಕಿಟಕಿಯದು ಗಿಡ್ಡ, ಹಸಿರು. ನೆರಳಿನಲ್ಲಿಟ್ಟರೆ ಹಳದಿ ಎಂದು ಹುಡುಗಿಯರು ಬಿತ್ತುವ ದಿನವೇ ಹೇಳಿಯಾಗಿತ್ತು. ಯಾಕೆ ಎನ್ನುವುದಷ್ಟೇ ನನಗೆ ಉಳಿದ ಕೆಲಸ. ಶಾಲೆಯ ಬುಟ್ಟಿಗೆ ಹುಡುಗರೂ ನೀರು ಹಾಕಿದರು, ಯಾಡಿ ಕಂಡೂ ಕಾಣದಂತೆ ಇದ್ದರು.

ದೀಪಾವಳಿಯ ಹೊತ್ತಿಗೆ ಕೋಣೆ ಅರ್ಧ ಖಾಲಿಯಾಗುತ್ತದೆ. ಮುಂಗಡ ಪಡೆದ ಗ್ಯಾಂಗುಗಳು ಸಾಂಗ್ಲಿ, ಕೊಲ್ಹಾಪುರದ ಕಡೆ ಕಬ್ಬು ಕಡಿಯಲು ಹೊರಡುತ್ತವೆ, ಅಜ್ಜ ಅಜ್ಜಿ ಇಲ್ಲದ ಮನೆಯ ಮಕ್ಕಳೂ ಜೊತೆಗೇ ಹೋಗುತ್ತಾರೆ. ಇಂಥ ಮಕ್ಕಳಿಗೆ ಪಾಠವನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ನಲಿ-ಕಲಿಯ ಕಲಿಕಾ ಏಣಿಗಿಂತ ಒಳ್ಳೆಯ ಏರ್ಪಾಡು ನನಗೆ ಗೊತ್ತಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಈ ಪದ್ಧತಿಯಲ್ಲಿ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು, ತರಗತಿಯ ಹಿಂದೆ ಓಡಬೇಕಾಗಿಲ್ಲ. ಹೊರಡುವ ಮುನ್ನ ಪ್ರತಿ ಮಗುವಿನ ಮೆಟ್ಟಿಲನ್ನು ಅದರ ನೋಟ್‌ಬುಕ್ಕಿನಲ್ಲಿ ಬರೆದು, ಓದಲು ಒಂದಷ್ಟು ಕಾರ್ಡುಗಳನ್ನು ಚೀಲಕ್ಕೆ ಹಾಕಿ ಕಳಿಸುತ್ತೇನೆ. ಕಾರ್ಡುಗಳು ಮರಳಿ ಬರುವ ಖಾತ್ರಿಯಿಲ್ಲ, ಪರವಾಗಿಲ್ಲ.

ಬಂದ ಮೇಲೆ ಎಷ್ಟು ಮರೆತೆ ಎಂದು ಕೇಳುವುದಿಲ್ಲ, ಏನು ಕಂಡೆ ಎಂದು ಕೇಳುತ್ತೇನೆ. ಕಾರ್ಖಾನೆಯ ಕಾಟಾ (ತೂಕದ ಯಂತ್ರ), ಟ್ರ್ಯಾಕ್ಟರ್ ಸಾಲು, ಟನ್ನಿನ ಲೆಕ್ಕ ಎಲ್ಲ ಹೊರಬರುತ್ತವೆ. ಅದನ್ನೇ ಹಿಡಿದು ಗುಣಾಕಾರಕ್ಕೆ ಇಳಿದೆ: ಒಂದು ಕಟ್ಟು ಕಬ್ಬು 15 ಕಿಲೋ ಆದರೆ 8 ಕಟ್ಟು ಎಷ್ಟು? ಮೂರನೇ ತರಗತಿಯ ಹುಡುಗ ಸ್ಲೇಟು ಕೆಳಗಿಟ್ಟು, ‘ಎಲ್ಲ ಕಟ್ಟೂ ಒಂದೇ ತೂಕ ಇರುವುದಿಲ್ಲ ಟೀಚರ್, ಅವ್ವ ಕಟ್ಟಿದ್ದು ಹಗುರ’ ಎಂದ. ಒಂದೇ ತೂಕ ಇದೆ ಎಂದು ಇಟ್ಟುಕೋ ಎಂದೆ. ಉತ್ತರವೇನೋ 120 ಎಂದು ಸರಿಯಾಗಿಯೇ ಬರೆದ, ಆದರೆ ಒಪ್ಪಲಿಲ್ಲ.