ವಿ ವಿಲ್ಲು ರಾಕು ಯೂ: ಹಾಡು ಹಚ್ಚಿ ಇಂಗ್ಲಿಷ್ ಕಲಿಸಿದ ನನ್ನ ಅನುಭವ

ಮುಧೋಳ ಕಡೆ ಒಂದು ಹಳ್ಳಿ ಹೈಸ್ಕೂಲ್‌ನಾಗ ಇಂಗ್ಲಿಷ್ ಕಲಸ್ತೀನಿ. ಕಬ್ಬಿನ ಸೀಸನ್ ಬಂತಂದ್ರ ಸಾಲಿ ಮುಂದ ಒಂದರ ಹಿಂದ ಒಂದು ಟ್ರ್ಯಾಕ್ಟರ್, ಎಲ್ಲಾದಕ್ಕೂ ಡೆಕ್ ಕೂಡಿಸಿ ಜೋರ್ ಹಾಡು ಹಚ್ಚಿರ್ತಾರ, ಅದು ದಾಟೋಮಟಾ ಪಾಠ ನಿಲ್ಲಿಸಿ ಸುಮ್ನ ನಿಂದರಬೇಕು. ಒಂದಿನ ಹಂಗ ನಿಂತಾಗ ನೋಡ್ತೀನಿ, ಪೋಯೆಮ್‌ದ ನಾಕು ಸಾಲು ಬಾಯಿಪಾಠ ಬರಲಾರದ ಹುಡುಗ ಆ ಟ್ರ್ಯಾಕ್ಟರ್ ಹಾಡು ಒಂದಕ್ಷರ ಬಿಡದಂಗ ಗುನುಗಾಕತ್ತಿದ್ದ. ಅಲ್ಲಿಂದ ತಲ್ಯಾಗ ಹೊಕ್ಕಿತು ನೋಡ್ರಿ.

ಮೊದಲನೇ ಸಲ ಪೂರಾ ಫೇಲ್. ನನಗ ಸೇರೋ ಹಾಡು, ಬೀಟಲ್ಸ್ ಬ್ಯಾಂಡಿಂದು 1965ರ 'ಟಿಕೆಟ್ ಟು ರೈಡ್' ಹಚ್ಚಿದೆ, ಬೋರ್ಡ್ ಮ್ಯಾಲ ಬರದು ಒಂದೊಂದ ಶಬ್ದಕ್ಕ ಅರ್ಥ ಹೇಳ್ಕೋತ ಹೋದೆ, ಹತ್ತು ನಿಮಿಷಕ್ಕ ಹಿಂದಿನ ಬೆಂಚು ಆಕಳಸಾಕತ್ತಿತು. ಹಾಡನ್ನೂ ಪೋಯೆಮ್ ಮಾಡಿಬಿಟ್ಟಿದ್ದೆ.

ಆಮ್ಯಾಲ ಕ್ವೀನ್ ಬ್ಯಾಂಡಿಂದು 1977ರ 'ವಿ ವಿಲ್ ರಾಕ್ ಯೂ' ತೊಗೊಂಡೆ. ಕರೆಂಟ್ ಹೋದ್ರೂ ನಡೀತೈತಿ, ಯಾಕಂದ್ರ ಕಡೀಕ ಗಿಟಾರ್ ಬರೋಮಟಾ ಎರಡು ಸಲ ಕಾಲು ಬಡಿಯೋದು ಒಂದು ಚಪ್ಪಾಳಿ, ಅಷ್ಟ. ಹುಡುಗೂರು ಬೆಂಚ್ ಬಡದು ಹಾಡಿದ್ರು, ಏನಂತ? "ವಿ ವಿಲ್ಲು ವಿ ವಿಲ್ಲು ರಾಕು ಯೂ." ನಮ್ಮ ಮಾತಿನಾಗ ಶಬ್ದ ಸ್ವರದಾಗ ಮುಗೀಬೇಕಲ್ಲ, ಬಸ್ ಬಸ್ಸಾಕ್ಕೈತಿ ಪೆನ್ ಪೆನ್ನಾಕ್ಕೈತಿ, ಆ ಬಾಲ ಕಡಿಯಾಕ "ಉ ತಗೀರಲೇ" ಅಂತ ವರ್ಷಗಟ್ಲೆ ಒದರಿದ್ದ ಬಂತು. ಇಲ್ಲಿ ನಾ ಏನೂ ಅನ್ನಲಿಲ್ಲ. ಮೂರು 'ಉ' ಜಾಸ್ತಿ ಸೇರಿ ಚಪ್ಪಾಳಿ ತಪ್ಪಾಕತ್ತಿತು, ಮತ್ತ ಶುರು ಮಾಡಿದ್ರು, ಮತ್ತ ತಪ್ಪಿತು, ಆಗ ಒಂದು ಹುಡುಗಿ ತಾನ ಎದ್ದು "ಸರ್ರ, ರಾಕು ಅಂದ್ರ ಚಪ್ಪಾಳಿ ಕೂಡಂಗಿಲ್ರೀ, ರಾಕ್ ಅಂದ್ರ ಕೂಡ್ತೈತಿ" ಅಂದ್ಲು. ನಾ ಹನ್ನೊಂದು ವರ್ಷದಾಗ ಹೇಳಾಕ ಆಗದ್ದು ಅದು.

ಬಾಜೂ ಕ್ಲಾಸಿನ ಗಣಿತದ ಸರ್ ಬಾಗಲದಾಗ ನಿಂತು "ಏನ್ರೀ ಸರ, ಸಾಲಿಯೋ ಬ್ಯಾಂಜೋ ಪಾರ್ಟಿಯೋ" ಅಂದ್ರು, ಅದಕ್ಕ ಈಗ ಕಡೀ ಪಿರಿಯಡ್ ತೊಗೋತೀನಿ.

ಈಗ ಹೆಂಗ ಮಾಡ್ತೀನಂದ್ರ, ಮೊದಲ ಬರೇ ಕೇಳೋದು, ಪೆನ್ ಮುಟ್ಟಂಗಿಲ್ಲ. ಎರಡನೇ ಸಲಕ್ಕ ಬೋರ್ಡ್ ಮ್ಯಾಲ ಸಾಲು ಬರದು ಎಂಟು ಜಾಗ ಖಾಲಿ ಬಿಡ್ತೀನಿ, ಎಂಟೂ ಕ್ರಿಯಾಪದನ, ಎಲ್ಲಾ ನಮೂನಿ ಶಬ್ದ ಕೂಡಿಸಿಬಿಟ್ರ ಕಿವಿ ಎಲ್ಲಿ ಇಡಬೇಕಂತ ಗೊತ್ತಾಗಂಗಿಲ್ಲ ಅವಕ್ಕ. 'ವಿ ಶಲ್ ಓವರ್‌ಕಮ್'ಗೆ ಅರ್ಥ ಹೇಳೋದ ಬ್ಯಾಡ, ಅದರದ ಹಿಂದಿ ಹಾಡು 'ಹಮ್ ಹೋಂಗೆ ಕಾಮ್ಯಾಬ್' ಹಾಡಿ ರೂಢಿ ಐತಿ, ಹೋಂಗೆ ಅಂದ್ರ ಶಲ್ ಅಂತ ತಾವ ಜೋಡಸ್ತಾರ.

ಹಾಡಿನ ಗ್ರಾಮರ್ ಮಾತ್ರ ನಂಬಬ್ಯಾಡ್ರಿ. ಮೊನ್ನೆ ಟೆಸ್ಟ್‌ನಾಗ ಒಬ್ಬ "ಶಿ ಡೋಂಟ್ ಲೈಕ್ ಟೀ" ಅಂತ ಬರದಿದ್ದ, ಡಸಂಟ್ ಆಗಬೇಕಂತ ಕೆಂಪು ಪೆನ್ನಿಲೆ ಹೊಡದೆ. ಪೇಪರ್ ಹಿಡ್ಕೊಂಡ ಬಂದ, "ಸರ್ರ, ನೀವ ಹಚ್ಚಿದ ಟಿಕೆಟ್ ಹಾಡಿನಾಗ ಶಿ ಡೋಂಟ್ ಅಂತನ ಐತಲ್ರೀ." ಅವತ್ತು ಹಿಂದಿನ ಬೆಂಚಿನಾಗ ಆಕಳಿಸ್ಕೋತ ಕುಂತಾವನ ಇವ. ಅರ್ಧ ಮಾರ್ಕ್ ಕೊಟ್ಟು ಕಳಸಿದೆ.